ಹೈರಿಸ್‌ಪ್ಲೆಕ್ಸ್-ಎಸ್: ಕೆಂಗೂದಲು ಪತ್ತೆಗೆ ಸರಿ, ಮಕ್ಕಳ ಲೆಕ್ಕಕ್ಕೆ ಸಾಲದು

ರೋಟರ್‌ಡ್ಯಾಮ್‌ನ ಎರಾಸ್ಮಸ್ ವೈದ್ಯಕೀಯ ಕೇಂದ್ರದ ಈ ಜಾಲತಾಣಕ್ಕೆ ದುಡ್ಡು ಕೊಡಬೇಕಿಲ್ಲ. ಡಿಎನ್‌ಎಯ 41 ಗುರುತುಗಳನ್ನು (ಜನರಿಂದ ಜನರಿಗೆ ಅಕ್ಷರ ಬದಲಾಗುವ ಜಾಗಗಳು) ತುಂಬಿದರೆ ಕಣ್ಣು, ಕೂದಲು, ಚರ್ಮದ ಬಣ್ಣ ಏನಿದ್ದೀತು ಎಂದು 0ರಿಂದ 1ರೊಳಗಿನ ಅಂಕಿಯಲ್ಲಿ ಹೇಳುತ್ತದೆ. ಅಪರಾಧ ತನಿಖೆಗೆಂದು ಕಟ್ಟಿದ್ದು, ಹಾಗಾಗಿ ಮನೆಮಂದಿಗೆ ಒರಟು.

ಕೂದಲಿಗೆ ಬಳಸುವ 22 ಗುರುತುಗಳಲ್ಲಿ 11 ಒಂದೇ ಜೀನಿನವು: 16ನೇ ಕ್ರೋಮೋಸೋಮಿನ ಎಂಸಿ1ಆರ್. ಅಪ್ಪನಿಂದ ಬಂದ ಪ್ರತಿ, ಅಮ್ಮನಿಂದ ಬಂದ ಪ್ರತಿ ಎರಡೂ ಮಂಕಾದರೆ ಕೂದಲ ಬುಡದಲ್ಲಿ ಕಪ್ಪು ಬಣ್ಣ ತಯಾರಾಗುವುದು ಕುಗ್ಗಿ ಕೆಂಪು-ಹಳದಿಯದೇ ಮೇಲುಗೈ. ಅದಕ್ಕೇ ಈ ತಾಣ ಕೆಂಪನ್ನು ಚೆನ್ನಾಗಿ ಹಿಡಿಯುತ್ತದೆ, ಕಂದು ಬಣ್ಣದಲ್ಲಿ ತಡವರಿಸುತ್ತದೆ.

ಕೆಲಸ ಕೆಡುವುದು ತುಂಬುವಾಗ. ಪ್ರತಿ ಸಾಲಿನಲ್ಲೂ ಅಲ್ಲಿ ಹೇಳಿದ ಅಕ್ಷರ ನಿಮ್ಮ ಡಿಎನ್‌ಎ ಪರೀಕ್ಷೆಯ ಫೈಲಿನಲ್ಲಿ ಎಷ್ಟು ಸಲ ಇದೆ ಎಂದು 0, 1 ಅಥವಾ 2 ಹಾಕಬೇಕು. ಪರೀಕ್ಷೆಯೇ ಆಗದ ಗುರುತಿಗೆ 0 ಹಾಕಬೇಡಿ, ಎನ್‌ಎ (NA, ಮಾಹಿತಿ ಇಲ್ಲ) ಹಾಕಿ. 0 ಎಂದರೆ ‘ನೋಡಿದೆವು, ಇಲ್ಲ’ ಎಂದರ್ಥ. ಉಗುಳು ಕಿಟ್‌ಗಳ ಫೈಲಿನಲ್ಲಿ ಎಲ್ಲ 41 ಗುರುತುಗಳೂ ಸಿಗುವುದು ಅಪರೂಪ. ಎನ್‌ಎ ಹಾಕಿದಷ್ಟೂ ನಿಖರತೆ ಎಷ್ಟು ಇಳಿಯಿತೆಂದು ತಾಣವೇ ತೋರಿಸುತ್ತದೆ, ಇದು ಮೆಚ್ಚುವ ಮಾತು.

ಇನ್ನೊಂದು ಬಲೆ ಎಂಸಿ1ಆರ್‌ನದೇ ಒಂದು ಗುರುತು, ಆರ್‌ಎಸ್1805009. ಮಾಮೂಲಿ ಅಕ್ಷರ ಜಿ, ಕೆಂಪಿನದು ಸಿ. ಡಿಎನ್‌ಎ ಏಣಿಯ ಎದುರು ಬದಿಯಿಂದ ಓದಿದ ಫೈಲಿನಲ್ಲಿ ಮಾಮೂಲಿ ‘ಜಿಜಿ’ಯೇ ‘ಸಿಸಿ’ ಆಗಿ ಕಾಣುತ್ತದೆ. ಹಾಗೇ 2 ಎಂದು ತುಂಬಿದರೆ ಕರಿಗೂದಲಿನವರಿಗೂ ಕೆಂಪು ಬರುತ್ತದೆ! ಜಿ-ಸಿ ಜೋಡಿಯಾದ್ದರಿಂದ ಕಣ್ಣಳತೆಯಲ್ಲಿ ತಪ್ಪು ಗೊತ್ತಾಗದು. ಫೈಲಿನ ಮೇಲ್ಭಾಗದ ಟಿಪ್ಪಣಿಯಲ್ಲಿ ಯಾವ ಬದಿ ಎಂದು ಮೊದಲು ನೋಡಿಕೊಳ್ಳಿ.

ಹುಟ್ಟುವ ಮಗುವಿಗೆ ಕೆಂಗೂದಲು ಬಂದೀತೇ ಎಂಬ ಪ್ರಶ್ನೆಗೆ ಈ ತಾಣದಲ್ಲಿ ಉತ್ತರವಿಲ್ಲ, ಅದನ್ನು ಕೈಯಲ್ಲೇ ಲೆಕ್ಕ ಹಾಕಬೇಕು. ದಂಪತಿ ಇಬ್ಬರ ಆರ್‌ಎಸ್1805007, 1805008, 1805009 ಸಾಲುಗಳನ್ನು ನೋಡಿ. ಮೂರೂ ಸೇರಿ ಇಬ್ಬರಲ್ಲೂ ಕೆಂಪಿನ ಅಕ್ಷರ ಒಟ್ಟು ಒಂದೊಂದೇ ಇದ್ದರೆ, ಇಬ್ಬರ ತಲೆಯೂ ಕಪ್ಪಗಿದ್ದರೂ, ಪ್ರತಿ ಹೆರಿಗೆಯಲ್ಲೂ ಮಗುವಿಗೆ ಎರಡೂ ಬರುವ ಸಾಧ್ಯತೆ ಶೇ. 25. ಎರಡು ಬಂದರೂ ಕೆಂಪು ಖಾತ್ರಿಯಲ್ಲ: ಬ್ರಿಟನ್ನಿನ ಆರೋಗ್ಯ-ಡಿಎನ್‌ಎ ಸಂಗ್ರಹವಾದ ಯುಕೆ ಬಯೋಬ್ಯಾಂಕ್ ದತ್ತಾಂಶದ 2018ರ ಅಧ್ಯಯನ ಕೆಂಗೂದಲಿನ ಹಿಂದೆ ಇನ್ನೂ ಎಂಟು ಕಡೆಯ ಜೀನ್ ವ್ಯತ್ಯಾಸಗಳನ್ನು ತೋರಿಸಿದೆ. ಸ್ಕಾಟ್ಲೆಂಡಿನ ಕೆಂಗೂದಲಿನವರನ್ನು ಮದುವೆಯಾದ ಕನ್ನಡಿಗರ ಮಕ್ಕಳಿಗೆ ಸಾಮಾನ್ಯವಾಗಿ ಕೆಂಪಿನ ಒಂದೇ ಪ್ರತಿ ಬರುತ್ತದೆ; ತಲೆ ಕಪ್ಪೋ ಕಂದೋ ಆಗಿ, ಕೆಂಪು ಮೊಮ್ಮಕ್ಕಳಲ್ಲಿ ಎದ್ದರೂ ಎದ್ದೀತು.

ಗಡ್ಡ ಮಾತ್ರ ಕೆಂಪಾಗುವುದನ್ನು ಇದು ಹೇಳದು. ಬಿಸಿಲಿಗೆ ಕೆಂಚಾದ ಕೂದಲಿಗೂ ಮೆಹಂದಿಗೂ ಇದಕ್ಕೂ ಸಂಬಂಧವಿಲ್ಲ. ಸ್ವಂತ ಬಣ್ಣ ತಿಳಿಯಲು ಕನ್ನಡಿ ಸಾಕು. ಅಕ್ಷರ ಎಣಿಸುವ ತಾಳ್ಮೆಯಿದ್ದು, ವಂಶದಲ್ಲಿ ಏನು ಹರಿದು ಬಂದಿದೆ ಎಂಬ ಕುತೂಹಲವಿದ್ದವರಿಗೆ 5ರಲ್ಲಿ 4 ಅಂಕ.