ಬಾವಿ ನೀರಿಗೆ ಮೀಟರ್, ಸ್ಟ್ರಿಪ್, ಲ್ಯಾಬ್: ನನ್ನ ಓಟು ಲ್ಯಾಬ್‌ಗೆ

ಪೈಪಿನಲ್ಲಿ ಬರುವ ನೀರಾದರೆ ಪರೀಕ್ಷೆ ಮಾಡಿಸುವ ಹೊಣೆ ಕೊಡುವವರದ್ದು. ಸ್ವಂತ ಬಾವಿ ಅಂದಮೇಲೆ ಕೇಳುವವರು ಯಾರೂ ಇಲ್ಲ, ನಾವೇ ಮಾಡಿಸಬೇಕು. ಟಿಡಿಎಸ್ ಮೀಟರ್, ಬಣ್ಣ ಬದಲಾಗುವ ಸ್ಟ್ರಿಪ್, ಲ್ಯಾಬ್ ಮೂರನ್ನೂ ನೋಡಿದ್ದೇನೆ. ದುಡ್ಡು ಜಾಸ್ತಿ ಹೋದರೂ ಲ್ಯಾಬೇ ಸರಿ.

ಮೀಟರ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ನೀರಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ, ಕರಗಿದ ಲವಣ ಒಟ್ಟು ಎಷ್ಟು ಅಂತ ಅಂದಾಜು ಹೇಳುತ್ತದೆ. ಯಾವ ಲವಣ ಅಂತ ಹೇಳುವುದಿಲ್ಲ. ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದರ ಹತ್ತು ಪಟ್ಟು ಇದ್ದರೂ ಮೀಟರಿನ ಅಂಕಿ ಅಲುಗಾಡುವುದಿಲ್ಲ. ಬ್ಯಾಕ್ಟೀರಿಯಾ ಅಂತೂ ಅದರ ಲೆಕ್ಕಕ್ಕೇ ಇಲ್ಲ. ‘ಟಿಡಿಎಸ್ ಕಡಿಮೆ ಇದೆ, ಕುಡೀಬಹುದು’ ಅನ್ನುವ ಮಾತು ಕೇಳಿದರೆ ಸಿಟ್ಟು ಬರುತ್ತದೆ.

ಸ್ಟ್ರಿಪ್ ಜೊತೆ ನನ್ನ ಜಗಳ ದೊಡ್ಡದು. ಅದ್ದಿ, ಹೇಳಿದಷ್ಟು ಸೆಕೆಂಡ್ ಕಾದು, ಬಣ್ಣವನ್ನು ಚಾರ್ಟ್ ಪಕ್ಕ ಹಿಡಿಯಬೇಕು. ನೈಟ್ರೇಟ್ ಚೌಕ ಗುಲಾಬಿಗೆ ತಿರುಗಿತು. ಚಾರ್ಟ್‌ನಲ್ಲಿ ಲೀಟರಿಗೆ 10 ಮಿಲಿಗ್ರಾಂಗೆ ಒಂದು ಗುಲಾಬಿ, 20ಕ್ಕೆ ಇನ್ನೊಂದು. ನಮ್ಮದು ಎರಡರ ನಡುವೆ. ನನಗೆ 10 ಅನ್ನಿಸಿತು, ಮನೆಯವರಿಗೆ 20. ಕಿಟಕಿ ಹತ್ತಿರ ಒಂದು ಬಣ್ಣ, ಬಲ್ಬ್ ಕೆಳಗೆ ಮತ್ತೊಂದು. ನಾವು ವಾದ ಮಾಡುವಷ್ಟರಲ್ಲಿ ಚೌಕ ಇನ್ನೂ ಗಾಢವಾಗಿತ್ತು.

ಆಮೇಲೆ ಲ್ಯಾಬ್ ವರದಿ ಬಂತು: ನೈಟ್ರೇಟ್ 58. ಎಲ್ಲಿಯ 10, ಎಲ್ಲಿಯ 58! ಕಾರಣ ಡಬ್ಬಿಯ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಸ್ಟ್ರಿಪ್ ತೋರಿಸುವುದು ನೈಟ್ರೇಟಿನೊಳಗಿನ ನೈಟ್ರೋಜನ್ ಮಾತ್ರ. ಲ್ಯಾಬ್ ಬರೆದದ್ದು ಇಡೀ ನೈಟ್ರೇಟ್. ಮೊದಲನೆಯದನ್ನು 4.43ರಿಂದ ಗುಣಿಸಿದರೆ ಎರಡನೆಯದು ಸಿಗುತ್ತದೆ. 58 ಅಂದರೆ ಸ್ಟ್ರಿಪ್ ಲೆಕ್ಕದಲ್ಲಿ ಸುಮಾರು 13. ಅಂದರೆ ಸ್ಟ್ರಿಪ್ ಸುಳ್ಳು ಹೇಳಿರಲಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಇಡೀ ನೈಟ್ರೇಟಿಗೆ 50. ‘10 ತಾನೇ, 50ಕ್ಕಿಂತ ಎಷ್ಟೋ ಕಡಿಮೆ’ ಅಂತ ಯಾರು ಬೇಕಾದರೂ ನೆಮ್ಮದಿಯಿಂದ ಕುಡಿಯುತ್ತಾ ಕೂರಬಹುದು! ಈ ನೀರಲ್ಲಿ ಹಾಲಿನ ಪುಡಿ ಕಲಸಿ ಕೂಸಿಗೆ ಕೊಡುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ನೈಟ್ರೇಟ್ ಜಾಸ್ತಿಯಾದರೆ ಕೂಸಿನ ರಕ್ತಕ್ಕೆ ಆಮ್ಲಜನಕ ಸಾಗಿಸುವುದೇ ಕಷ್ಟ. ಕುದಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಪ್ರಮಾಣ ಏರುತ್ತದೆ.

ಲ್ಯಾಬ್‌ನಲ್ಲೂ ರಗಳೆ ಇದೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರು ಕೊಟ್ಟ ಬಾಟಲಿಯೇ ಬೇಕು. ಒಳಗೆ ಚೂರು ಬಿಳಿ ಪುಡಿ ಕಂಡರೆ ತೊಳೆಯಬೇಡಿ, ಕ್ಲೋರಿನ್ ಅಡಗಿಸಲು ಹಾಕಿರುತ್ತಾರೆ. ನಲ್ಲಿ ತುದಿಯ ಜಾಲರಿ ಬಿಚ್ಚಿ, ಕೆಲವು ನಿಮಿಷ ನೀರು ಬಿಟ್ಟು, ಬಾಟಲಿ ಬಾಯಿಗೆ ಬೆರಳು ತಾಗದಂತೆ ಹಿಡಿಯಬೇಕು. ಐಸ್ ಜೊತೆ ಇಟ್ಟು ಅವತ್ತೇ ಮುಟ್ಟಿಸಿದರೆ ಒಳ್ಳೆಯದು. ವಾರದ ಕೊನೆಗೆ ಹೋದರೆ ಕೆಲವರು ತೆಗೆದುಕೊಳ್ಳುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಸಿ ನೋಡೋಕೆ ಒಂದೆರಡು ದಿನ ಬೇಕಲ್ವಾ. ಮೊದಲೇ ಫೋನ್ ಮಾಡಿ.

ಖರ್ಚಿಗೆ ನಾನು ಹಿಡಿದ ದಾರಿ ಇದು. ಫ್ಲೋರೈಡ್, ಆರ್ಸೆನಿಕ್ ಹೆಚ್ಚಾಗಿ ನೆಲದೊಳಗಿನ ಕಲ್ಲುಮಣ್ಣಿನಿಂದ ಬರುವಂಥವು. ಅವನ್ನು ಒಮ್ಮೆ ಪೂರ್ತಿ ನೋಡಿಸಿ, ಮತ್ತೆ ಕೆಲವು ವರ್ಷಕ್ಕೊಮ್ಮೆ. ಬ್ಯಾಕ್ಟೀರಿಯಾ, ನೈಟ್ರೇಟ್ ಮಾತ್ರ ಪ್ರತಿ ವರ್ಷ. ಬಾವಿಗೆ ಹೊರಗಿನ ನೀರು ನುಗ್ಗಿದರೆ ತಕ್ಷಣ. ಮೀಟರನ್ನು ಆರ್‌ಒ ಫಿಲ್ಟರ್ ಸರಿಯಾಗಿದೆಯಾ ನೋಡೋಕೆ ಇಟ್ಟುಕೊಂಡಿದ್ದೇನೆ. ಸ್ಟ್ರಿಪ್ ಮತ್ತೆ ತರಿಸಿಲ್ಲ.