ಅರಣ್ಯ ಹಕ್ಕುಪತ್ರ ಮಾಡಿಸಿಕೊಡುವ ಸೆಂಟರ್: ಐದಕ್ಕೆ ಒಂದು ಸ್ಟಾರ್

ಚಿತ್ರದುರ್ಗದಲ್ಲಿ ಈ ಥರದ ಸೆಂಟರ್‌ಗಳು ಸುಮಾರಿವೆ, ಹೆಸರು ಬರೆಯುವುದಿಲ್ಲ. ನಮ್ಮ ಮಾವ ಹಿರಿಯೂರು ಕಡೆ ಗೊಲ್ಲರಹಟ್ಟಿಯವರು, ಕುರಿ ಸಾಕುವ ಕಾಡುಗೊಲ್ಲ ಸಮುದಾಯ, ಕಾಡಂಚಿನ ಹೊಲವನ್ನು ಅವರ ತಾತನ ಕಾಲದಿಂದ ಉಳುತ್ತಿದ್ದಾರೆ. ಬೋರ್ಡ್ ನೋಡಿ ಅವರನ್ನು ಕರೆದುಕೊಂಡು ಹೋದೆ.

ಆ ಒಂದು ಸ್ಟಾರ್ ಟೈಪ್ ಮಾಡಿದ ಹುಡುಗನಿಗೆ. ಪಾಪ, ಒಂದಕ್ಷರ ತಪ್ಪಿಲ್ಲ. ಆದರೆ ತುಂಬಿದ್ದು ಫಾರಂ 57! ಅದು ಬಗರ್ ಹುಕುಂ ಅರ್ಜಿ, ಅಂದರೆ ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಕಂದಾಯ ಜಮೀನನ್ನು ಸಕ್ರಮ ಮಾಡಿಸಿಕೊಳ್ಳೋಕೆ. ಅರಣ್ಯ ಜಮೀನಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಬೇರೆ ಇದೆ, ಅರ್ಜಿಯನ್ನು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಡಬೇಕು, ಅದಕ್ಕೆ ಫೀಸೇ ಇಲ್ಲ. ಇವರು ಕೇಳಿದ್ದು ಮೂರು ಸಾವಿರ, 'ಫಾರೆಸ್ಟ್‌ನವರದ್ದು ಬೇರೆ'. ರಶೀದಿ ಕೇಳಿದ್ದಕ್ಕೆ ಮಾಲೀಕರು ನಕ್ಕರು.

ನಮ್ಮ ಮಾವನ ಹೊಲಕ್ಕೂ ರಶೀದಿಯದ್ದೇ ದೊಡ್ಡ ಕಥೆ. ಈ ಕಾಯ್ದೆಯಲ್ಲಿ ಎಸ್ಟಿ (ಪರಿಶಿಷ್ಟ ಪಂಗಡ) ಆಗಿದ್ದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಉಳುತ್ತಿದ್ದರೆ ಸಾಕು. ಕಾಡುಗೊಲ್ಲರು ಇನ್ನೂ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಆ ದಿನಕ್ಕೆ ಹಿಂದಿನ 75 ವರ್ಷ, ಅಂದರೆ ಮೂರು ತಲೆಮಾರು, ಅಲ್ಲೇ ಇದ್ದೆವು ಅಂತ ತೋರಿಸಬೇಕು. ಒತ್ತುವರಿ ಅಂತ ಹಿಂದೆ ದಂಡ ಹಾಕಿ ರಶೀದಿ ಕೊಟ್ಟಿದ್ದರೆ ಅದೇ ಒಂದು ಸಾಕ್ಷಿ ಆಗುತ್ತಿತ್ತು. ಆದರೆ ಬಂದ ಗಾರ್ಡ್‌ಗಳೆಲ್ಲ ಕೇಸ್ ಹಾಕುತ್ತೇನೆ ಅಂತ ಹೆದರಿಸಿ ಒಂದು ಟಗರು, ಒಂದಿಷ್ಟು ದುಡ್ಡು ತೆಗೆದುಕೊಂಡು ಹೋದರು, ಅವರು ವರ್ಗವಾದ ಮೇಲೆ ಬಂದವರೂ ಅದನ್ನೇ ಮಾಡಿದರು. ಲಂಚಕ್ಕೆ ಚೀಟಿ ಯಾರು ಕೊಡುತ್ತಾರೆ? ಲಂಚ ಕೊಟ್ಟು ಕೊಟ್ಟು ಉಳಿಸಿಕೊಂಡ ಹೊಲಕ್ಕೆ ಈಗ ಒಂದು ಕಾಗದವೂ ಇಲ್ಲ.

ದುಡ್ಡು ಕೇಳುವವರು ದಾರಿಯನ್ನಾದರೂ ಹೇಳಬೇಕು ಅಲ್ವಾ? ಊರ ಹಿರಿಯರ ಹೇಳಿಕೆಯನ್ನು ಬರೆಸಿಕೊಂಡರೆ ಅದೂ ಸಾಕ್ಷಿ. ಹಳೇ ಬಾವಿ, ಸಮಾಧಿ, ದೇವರ ಜಾಗ ಕೂಡ ಆಗುತ್ತೆ. ಒಂದಕ್ಕಿಂತ ಜಾಸ್ತಿ ಬೇಕು ಅಷ್ಟೇ. ಕುರಿ ಮೇಯಿಸುವ ಹಕ್ಕಿಗೆ ಹಟ್ಟಿಯವರೆಲ್ಲ ಸೇರಿ ಬೇರೆ ಅರ್ಜಿ ಹಾಕಬಹುದು. ಗ್ರಾಮಸಭೆ ಒಪ್ಪದಿದ್ದರೆ 60 ದಿನದೊಳಗೆ ಎಸಿ (ಉಪವಿಭಾಗಾಧಿಕಾರಿ) ಅಧ್ಯಕ್ಷರಾಗಿರುವ ಉಪವಿಭಾಗ ಸಮಿತಿಗೆ ಮೇಲ್ಮನವಿ ಹಾಕಬಹುದು. ಅರ್ಜಿಯ ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಇದರಲ್ಲಿ ಒಂದನ್ನೂ ಸೆಂಟರ್‌ನವರು ಹೇಳಲಿಲ್ಲ, ಹೇಳಿದರೆ ಮೂರು ಸಾವಿರ ಎಲ್ಲಿಂದ ಹುಟ್ಟಬೇಕು.

ಜೆರಾಕ್ಸ್ ಬೇಕಿದ್ದರೆ ಹೋಗಿ, ಚೆನ್ನಾಗಿ ಬರುತ್ತೆ. ಹಕ್ಕುಪತ್ರಕ್ಕಾದರೆ ಸುಮ್ನೆ ಪಂಚಾಯ್ತಿಗೆ ಹೋಗಿ ಅರಣ್ಯ ಹಕ್ಕು ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ, ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಬರೆಸಿಕೊಳ್ಳದೆ ಎದ್ದು ಬರಬೇಡಿ.