ಐಸ್ ಮೇಲೆ ಬಿಳಿ ಮಾಂಜಿ, ತಟ್ಟೆಯಲ್ಲಿ ಕರಿ ಮಾಂಜಿ

ಬೇಕಲ ಕೋಟೆ ನೋಡಲು ಬರುವವರು, ನೆಂಟರನ್ನು ಕರೆದುಕೊಂಡು ಹೋಗುವವರು ಇದನ್ನೊಮ್ಮೆ ಓದಿಕೊಳ್ಳಿ. ಹೋದ ಜುಲೈಯಲ್ಲಿ ಒಂದು ಮಧ್ಯಾಹ್ನದ ಊಟಕ್ಕೆ ನಾನು ತೆತ್ತದ್ದು 4,851 ರೂಪಾಯಿ. ಮೊದಲು ಕೈಗೆ ಬಂದ ಬಿಲ್ಲಿನಲ್ಲಿ ಅದು 5,336 ಇತ್ತು. ಆ ಕತೆಗೆ ಆಮೇಲೆ ಬರುತ್ತೇನೆ. ಹೋಟೆಲಿನ ಹೆಸರು ಬರೆಯುವುದಿಲ್ಲ. ಈ ಆಟ ಆಡುವ ಜಾಗ ಅದೊಂದೇ ಆಗಿರಲಾರದು.

ಅಕ್ಕನನ್ನು ಕೊಟ್ಟದ್ದು ಸಾಗರದ ಕಡೆಗೆ. ಭಾವನಿಗೆ ಬೇಕಲ ಅಂದರೆ ಒಂಥರಾ ಪಿತ್ರಾರ್ಜಿತ ಆಸ್ತಿ. ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, ಕೆಳದಿ ಅವರ ಊರಿನ ಪಕ್ಕದಲ್ಲೇ. "ನಮ್ಮೋರ ಕೋಟೆಗೆ ನಾವೇ ಟಿಕೆಟ್ ತಗೋಬೇಕಲ್ಲ ಮಾರಾಯ" ಎಂದು ಗೇಟಿನಲ್ಲೇ ಶುರು. ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿತ್ತು. ಕೋಟೆ ಸುತ್ತಿ ಇಳಿಯುವಾಗ ಎರಡು ಗಂಟೆ. ಕುಂಬಳೆಗೆ ಮುಟ್ಟಿ ಮನೆಯಲ್ಲೇ ಉಣ್ಣೋಣ ಎಂದು ಅಮ್ಮ ಹೇಳಿದಳು. ಯಾರೂ ಕೇಳಲಿಲ್ಲ.

ಹೋಟೆಲ್ ನೋಡಲು ಚೆಂದವೇ. ಬಾಗಿಲಲ್ಲಿ ಅರ್ಧಕ್ಕೆ ಕೊಯ್ದ ದೋಣಿ, ಅದರೊಳಗೆ ಕ್ಯಾಶ್ ಕೌಂಟರ್. ಮೇಲಿನಿಂದ ಇಳಿಬಿಟ್ಟ ಬಲೆ, ಬಲೆಯೊಳಗೆ ಹಳದಿ ಬಲ್ಬು. ಮೆನು ಪೂರ್ತಿ ಇಂಗ್ಲಿಷಿನಲ್ಲಿ. ಮಲಯಾಳವೂ ಇಲ್ಲ, ಕನ್ನಡವಂತೂ ಕೇಳಲೇ ಬೇಡಿ. ಮೀನಿನ ಹೆಸರಿನ ಎದುರು ದರ ಇಲ್ಲ, 'ಆಸ್ ಪರ್ ಸೈಜ್' ಅಂತ ಇದೆ ಅಷ್ಟೇ.

ಗೋಡೆಯ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದಿದ್ದರು: ಇವತ್ತು ಬೆಳಗ್ಗೆ ಹಿಡಿದ ಮೀನು. ನನಗೆ ಅಲ್ಲೇ ಹೊಳೆಯಬೇಕಿತ್ತು. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ, 52 ದಿನ, ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಗಡಿಯಾಚೆ ಮಂಗಳೂರಿನಲ್ಲಿ ಜೂನ್ 1ಕ್ಕೇ ನಿಲ್ಲಿಸುತ್ತಾರೆ. ನಾಡದೋಣಿಗಳಿಗೆ ಅಡ್ಡಿಯಿಲ್ಲ, ಆದರೆ ಆ ದಿನ ಕೋಟೆಯ ಮೇಲಿನಿಂದ ಕಡಲು ನೋಡಿ ಬಂದಿದ್ದೆವು. ಅದರಲ್ಲಿ ಯಾರು ದೋಣಿ ಇಳಿಸುತ್ತಾರೆ? ಪೂರ್ವ ಕರಾವಳಿಯಲ್ಲಿ ನಿಷೇಧ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಜುಲೈಯಲ್ಲಿ ನಮ್ಮ ಕಡೆ ಸಿಗುವ ದೊಡ್ಡ ಮೀನು ಹೆಚ್ಚಾಗಿ ಆ ಕಡೆಯಿಂದ ಐಸ್ ಪೆಟ್ಟಿಗೆಯಲ್ಲಿ ಲಾರಿ ಹತ್ತಿ ಬಂದದ್ದು. ಅದೇನೂ ತಪ್ಪಲ್ಲ. ಸರಿಯಾಗಿ ಐಸ್ ಹಾಕಿದ ಮೀನು ಚೆನ್ನಾಗಿಯೇ ಇರುತ್ತದೆ. ಹಲಗೆಯಲ್ಲಿ ಸುಳ್ಳು ಯಾಕೆ ಬರೆಯಬೇಕು?

ಗಾಜಿನ ಪೆಟ್ಟಿಗೆಯಲ್ಲಿ ಐಸ್ ಮೇಲೆ ಮೀನು ಜೋಡಿಸಿದ್ದರು. ಭಾವನ ಕಣ್ಣು ಒಂದು ಬಿಳಿ ಮಾಂಜಿಯ ಮೇಲೆ ಬಿತ್ತು. ಅವರ ಬಾಯಲ್ಲಿ ಅದು ಪಾಂಪ್ಲೆಟ್. ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಬಾಲದ ಒಂದು ತುದಿ ಮಾತ್ರ ಮುರಿದಿತ್ತು. "ಇದಕ್ಕೆ ಡಿಸ್ಕೌಂಟ್ ಇದ್ಯಾ?" ಎಂದು ಭಾವ ತಮಾಷೆ ಮಾಡಿದ್ದರಿಂದ ಅದು ನಮಗೆಲ್ಲ ನೆನಪುಳಿಯಿತು. ಅದನ್ನೇ ಬಾಳೆಲೆಯಲ್ಲಿ ಸುತ್ತಿ ಪೊಳ್ಳಿಚ್ಚದ್ ಮಾಡಿ ಎಂದೆವು. ಜೊತೆಗೆ ಬಂಗುಡೆ ಪುಳಿಮುಂಚಿ, ಸಿಗಡಿ ಸುಕ್ಕ, ನೀರುದೋಸೆ. ತೂಕ ಎಷ್ಟು, ದುಡ್ಡು ಎಷ್ಟಾಗುತ್ತದೆ ಎಂದು ನಾನು ಕೇಳಲಿಲ್ಲ. ನೆಂಟರ ಎದುರು ರೇಟು ಕೇಳುವುದು ಹೇಗೆ ಅಂತ ಸಂಕೋಚ. ಆ ಸಂಕೋಚದ ಮೇಲೇ ಅವರ ವ್ಯಾಪಾರ.

ಐವತ್ತು ನಿಮಿಷ ಕಾದೆವು. ನೀರುದೋಸೆ ತಣ್ಣಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಸಿಗಡಿ ರಬ್ಬರು. ಅದು ಹೋಗಲಿ. ಮಾಂಜಿಯ ಬಾಳೆಲೆ ಬಿಡಿಸಿದರೆ ಅರ್ಧ ಇಂಚು ದಪ್ಪಕ್ಕೆ ನೀರುಳ್ಳಿ, ಟೊಮೆಟೊ ಮಸಾಲೆ, ಮೀನಿನ ಮೈಯೇ ಕಾಣದು. ಅಮ್ಮ ಒಂದು ತುತ್ತು ಬಾಯಿಗಿಟ್ಟು ಸುಮ್ಮನಾದಳು. ಆಮೇಲೆ ಬೆರಳಿನಲ್ಲಿ ಬಾಲದ ಕಡೆಯ ಮಸಾಲೆ ಕೆರೆದಳು. ಬಾಲದ ಎರಡೂ ತುದಿ ನೆಟ್ಟಗಿತ್ತು! ಮಸಾಲೆಯ ಅಡಿಯಲ್ಲಿ ಚರ್ಮ ಕಂದುಗಪ್ಪು. ಬಾಲದ ಬುಡವನ್ನು ಸವರಿ "ಮುಟ್ಟಿ ನೋಡು" ಎಂದಳು. ಮುಟ್ಟಿದೆ. ಸಣ್ಣ ಗರಗಸದ ಹಾಗೆ ಒರಟು. ಬಿಳಿ ಮಾಂಜಿಗೆ ಅಲ್ಲಿ ನುಣುಪು. ಈ ಗರಗಸದ ಸಾಲು ಇರುವುದು ಕರಿ ಮಾಂಜಿಗೆ. ಹೆಸರಿಗಷ್ಟೇ ಎರಡೂ ಮಾಂಜಿ, ಕುಲ ಬೇರೆ, ದರವೂ ಬೇರೆ. ಕರಿ ಮಾಂಜಿ ಕೆಟ್ಟ ಮೀನಲ್ಲ, ನಮ್ಮ ಮನೆಗೂ ತರುತ್ತೇವೆ. ಬಿಳಿಯದರ ದುಡ್ಡು ಕೊಟ್ಟು ತರುವುದಿಲ್ಲ ಅಷ್ಟೇ.

ಬಡಿಸುವ ಹುಡುಗನಿಗೆ ಹಿಂದಿ ಮಾತ್ರ ಗೊತ್ತು. "ಪಾಂಫ್ರೆಟ್ ಹೀ ಹೈ ಸರ್" ಎಂದ. ಅವನ ಮೇಲೆ ಸಿಟ್ಟಿಲ್ಲ, ಅಡುಗೆಮನೆಯಲ್ಲಿ ಕೊಟ್ಟದ್ದನ್ನು ತಂದಿಟ್ಟಿದ್ದಾನೆ ಪಾಪ. ಮ್ಯಾನೇಜರ್ ಬಂದವರು ಬೆಂದ ಮೇಲೆ ಬಣ್ಣ ಬದಲಾಗುತ್ತದೆ ಎಂದರು. "ಬಾಲವೂ ಬೆಳೆಯುತ್ತದಾ?" ಎಂದು ಅಮ್ಮ ಮಲಯಾಳದಲ್ಲೇ ಕೇಳಿದಳು. ಅದಕ್ಕೆ ಉತ್ತರ ಬರಲಿಲ್ಲ, ಬಿಲ್ ಬಂತು. ಮಾಂಜಿ 850 ಗ್ರಾಂ, 2,040 ರೂಪಾಯಿ. ತಕ್ಕಡಿಯನ್ನು ನಾವ್ಯಾರೂ ನೋಡಿಲ್ಲ. ಕೆಳಗೆ ಶೇಕಡಾ 10 ಸರ್ವೀಸ್ ಚಾರ್ಜ್ 462. ಅದನ್ನು ಬಿಲ್ಲಿಗೆ ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ ಎಂದದ್ದೇ ತಡ, ಹೊಸ ಬಿಲ್ ಪ್ರಿಂಟ್ ಆಯಿತು. ಮಾಂಜಿಯ ದುಡ್ಡು ಮಾತ್ರ ಒಂದು ಪೈಸೆ ಇಳಿಯಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಪುಳಿಮುಂಚಿ ತಿನ್ನುವಾಗಲೇ ಅಕ್ಕನ ಮಗಳು "ನಾಲಿಗೆ ಚುರುಚುರು ಅಂತಿದೆ" ಎಂದಿದ್ದಳು. ಖಾರ ಜಾಸ್ತಿ ಇರಬೇಕು, ನೀರು ಕುಡಿ ಎಂದಿದ್ದೆವು. ಕಾರು ಚಂದ್ರಗಿರಿ ಸೇತುವೆ ದಾಟುವಷ್ಟರಲ್ಲಿ ಅವಳ ಮುಖ, ಕತ್ತು ಕೆಂಪು ಕೆಂಪು, ಮೈಯೆಲ್ಲ ತುರಿಕೆ. ಕಾಸರಗೋಡಿನಲ್ಲಿ ತೋರಿಸಿದಾಗ ಡಾಕ್ಟರ್ ಮೊದಲು ಕೇಳಿದ್ದೇ "ಬಂಗುಡೆಯಾ, ಬೂತಾಯಿಯಾ?" ಎಂದು. ಇಂಥ ಮೀನನ್ನು ಹಿಡಿದ ಮೇಲೆ ತಂಪಿನಲ್ಲಿಡದೆ ಬಿಟ್ಟರೆ ಅದರಲ್ಲಿ ಹಿಸ್ಟಮೈನ್ ಎಂಬ, ಮೈ ತುರಿಸುವಂತೆ ಮಾಡುವ ವಸ್ತು ಸೇರಿಕೊಳ್ಳುತ್ತದಂತೆ. ಆಮೇಲೆ ಬೇಯಿಸಿದರೂ ಹೋಗದು, ಕಾಯಿಸಿದರೂ ಹೋಗದು, ಮತ್ತೆ ಐಸ್‌ನಲ್ಲಿಟ್ಟರೂ ಹೋಗದು. ಮೀನು ನಾರಬೇಕೆಂದೂ ಇಲ್ಲ. ಮಾತ್ರೆಗೆ ಸಂಜೆಯೊಳಗೆ ಇಳಿಯಿತು. ನಾಲಿಗೆ ಚುರುಗುಟ್ಟಿದರೆ ಖಾರ ಎಂದುಕೊಂಡು ತಿನ್ನುತ್ತಾ ಕೂರಬೇಡಿ, ತಟ್ಟೆ ಅಲ್ಲಿಗೇ ದೂಡಿ. ಉಸಿರು ಕಟ್ಟಿದ ಹಾಗಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

'ಆಸ್ ಪರ್ ಸೈಜ್' ಇರುವಲ್ಲಿ ನೀವು ಆರಿಸಿದ ಮೀನನ್ನು ನಿಮ್ಮೆದುರೇ ತೂಗಿಸಿ, ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ ಆಮೇಲೆ ಹೂಂ ಅನ್ನಿ. ತೂಕದ ಸಮೇತ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ. ನಮ್ಮಲ್ಲಿ ಅದೊಂದು ಇರಲಿಲ್ಲ. 1915ರಲ್ಲಿ ದೂರು ದಾಖಲಾಗಿದೆ, ನಂಬರ್ ಸಿಕ್ಕಿದೆ, ಮುಂದೇನೂ ಸುದ್ದಿಯಿಲ್ಲ. ಭಾವ ಮಾತ್ರ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, "ಬಾಲ ಎಷ್ಟು ಬೆಳೀತು ಮಾರಾಯ?"